ಟೇಬಲ್ ಟೆನಿಸ್ ನೋಡಲು ಕಲಿಸುವ ಒಂದು ಕೊಠಡಿ: ಸರಸ್ವತಿಪುರಂನ ಪಂದ್ಯ ವೀಕ್ಷಣಾ ವ್ಯವಸ್ಥೆಯ ವಿಮರ್ಶೆ

ನಮ್ಮ ದೇಶದಲ್ಲಿ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಪಂದ್ಯಾವಳಿ ನಡೆದಾಗ ಮೊದಲ ದಿನಗಳಲ್ಲಿ ಗ್ಯಾಲರಿಯ ಬಹುಪಾಲು ಕುರ್ಚಿಗಳು ಖಾಲಿಯಾಗಿರುವುದನ್ನು ನಾನು ಕಂಡಿದ್ದೇನೆ. ಚೆಂಡು ಬಲು ವೇಗ, ಕಣ್ಣಿಗೆ ಸಿಗುವುದಿಲ್ಲ, ಅದಕ್ಕೇ ಜನ ಬರುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಮೈಸೂರಿನ ಸರಸ್ವತಿಪುರಂನಲ್ಲಿರುವ ಒಂದು ಟೇಬಲ್ ಟೆನಿಸ್ ತರಬೇತಿ ಕೇಂದ್ರದವರು ದೊಡ್ಡ ಪಂದ್ಯಾವಳಿಗಳ ಕೊನೆಯ ಸುತ್ತುಗಳನ್ನು ತಮ್ಮ ಅಂಗಣದಲ್ಲೇ ಪರದೆಯ ಮೇಲೆ ತೋರಿಸುವ ವ್ಯವಸ್ಥೆಯೊಂದನ್ನು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಕೂತು ನೋಡತೊಡಗಿದ ಮೇಲೆ, ಆ ಕಾರಣ ಅರ್ಧ ಮಾತ್ರ ನಿಜ ಎಂಬುದು ನನಗೆ ಖಚಿತವಾಗಿದೆ. ಚೆಂಡು ಹೇಗೋ ಕಣ್ಣಿಗೆ ಬೀಳುತ್ತದೆ. ಅದರ ತಿರುವು, ಅಂದರೆ ಸ್ಪಿನ್, ಬೀಳುವುದಿಲ್ಲ. ತಿರುವು ಏನೆಂದು ತಿಳಿಸಿಕೊಡುವವರು ಪಕ್ಕದಲ್ಲಿದ್ದರೆ, ಬ್ಯಾಟನ್ನೇ ಮುಟ್ಟಿರದವರೂ ಪೂರಾ ಪಂದ್ಯ ಮುಗಿಯುವವರೆಗೆ ಕೂತಿರುತ್ತಾರೆ.

ಮೊದಲು ವ್ಯವಸ್ಥೆಯ ವಿವರ. ಕೇಂದ್ರವಿರುವುದು ಒಂದು ಕಟ್ಟಡದ ಮೊದಲ ಮಹಡಿಯಲ್ಲಿ. ವಾರದ ದಿನಗಳಲ್ಲಿ ಮಕ್ಕಳಿಗೆ ತರಬೇತಿ ನಡೆಯುವ ಅಂಗಣದಲ್ಲಿ ಪಂದ್ಯ ತೋರಿಸುವ ದಿನ ಟೇಬಲ್‌ಗಳನ್ನು ಮಡಚಿ ಗೋಡೆಗೆ ಸರಿಸುತ್ತಾರೆ. ಒಂದನ್ನು ಮಾತ್ರ ಪರದೆಯ ಪಕ್ಕದಲ್ಲಿ ಬಿಡಿಸಿಯೇ ಇಟ್ಟಿರುತ್ತಾರೆ, ಅದರ ಉಪಯೋಗ ಮುಂದೆ ಹೇಳುತ್ತೇನೆ. ಮುಂದೆ ಮಕ್ಕಳಿಗೆ ಜಮಖಾನ, ಹಿಂದೆ ದೊಡ್ಡವರಿಗೆ ಪ್ಲಾಸ್ಟಿಕ್ ಕುರ್ಚಿಗಳು. ಪಂದ್ಯಾವಳಿಯ ಆಯೋಜಕರ ಯೂಟ್ಯೂಬ್ ವಾಹಿನಿಯಲ್ಲಿ ಬರುವ ನೇರ ಪ್ರಸಾರವನ್ನು ಪ್ರೊಜೆಕ್ಟರಿನಲ್ಲಿ ತೋರಿಸುತ್ತಾರೆ. ಪ್ರವೇಶಕ್ಕೆ ಹಣವಿಲ್ಲ, ಕಾಫಿ, ತಿಂಡಿ ಬೇಕೆನ್ನುವವರು ಅರವತ್ತು ರೂಪಾಯಿ ಕೊಡಬೇಕು. ತಿಂಡಿ ಹತ್ತಿರದ ಹೋಟೆಲಿನಿಂದ ಬರುತ್ತದೆ, ಕಾಫಿಯನ್ನು ಅಲ್ಲೇ ಮಾಡುತ್ತಾರೆ, ಎರಡೂ ಚೆನ್ನಾಗಿರುತ್ತವೆ. ಊಟ-ತಿಂಡಿಯ ಬಗ್ಗೆ ಇಷ್ಟು ಸಾಕು.

ಈ ಕೊಠಡಿಯ ನಿಜವಾದ ಸೇವೆ ಪರದೆಯಲ್ಲಿಲ್ಲ, ಪರದೆಯ ಪಕ್ಕದಲ್ಲಿ ನಿಲ್ಲುವ ಕೋಚ್ ಅವರಲ್ಲಿದೆ. ನಾನು ನೋಡಿದ ಅತ್ಯುತ್ತಮ ಸಂಜೆ ನೇರ ಪ್ರಸಾರದ್ದಲ್ಲ. ಒಂದು ಭಾನುವಾರ ನಿಗದಿಯಾಗಿದ್ದ ಫೈನಲ್ ತಡವಾಗಿ ಆರಂಭವಾಗುವುದಿತ್ತು. ಆ ಬಿಡುವಿನಲ್ಲಿ ಅವರು 2024ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ನಡೆದ ತಂಡಗಳ ವಿಶ್ವ ಚಾಂಪಿಯನ್‌ಶಿಪ್‌ನ ಭಾರತ-ಚೀನಾ ಮಹಿಳಾ ಪಂದ್ಯದ ಮುದ್ರಿತ ಭಾಗವನ್ನು ಹಾಕಿದರು. ಆ ತಂಡ ಪಂದ್ಯದ ಮೊದಲ ಸಿಂಗಲ್ಸ್‌ನಲ್ಲಿ ಅಯ್ಹಿಕಾ ಮುಖರ್ಜಿ ಅವರು ಆಗ ವಿಶ್ವದ ಅಗ್ರಸ್ಥಾನದಲ್ಲಿದ್ದ ಸುನ್ ಯಿಂಗ್ಷಾ ಅವರನ್ನು ಸೋಲಿಸಿದ್ದರು. ಸುನ್ ಅವರ ಹೊಡೆತಗಳು ಎಷ್ಟು ರಭಸದವೋ ಅಯ್ಹಿಕಾ ಅವರ ಮರುಹೊಡೆತಗಳು ಅಷ್ಟೇ ಸಪ್ಪೆಯಾಗಿ ಕಾಣುತ್ತಿದ್ದವು. ಆದರೂ ಪಾಯಿಂಟ್ ಹೋಗುತ್ತಿದ್ದುದು ಸುನ್ ಅವರದ್ದೇ. ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಹಿರಿಯ ಮಹಿಳೆಯೊಬ್ಬರು ತಡೆಯಲಾರದೆ ಕೇಳಿಬಿಟ್ಟರು: “ಅಲ್ಲಪ್ಪ, ನಮ್ ಹುಡುಗಿ ಸುಮ್ನೆ ಬ್ಯಾಟ್ ಒಡ್ಡುತ್ತಾ ಇದಾಳೆ ಅಷ್ಟೆ. ಅಂಥಾ ಚಾಂಪಿಯನ್ನು ಅದನ್ನ ಯಾಕೆ ನೆಟ್ಟಿಗೆ ಹಾಕ್ತಾಳೆ?”

ಕೋಚ್ ವಿಡಿಯೊ ನಿಲ್ಲಿಸಿದರು. ಕಪಾಟಿನಿಂದ ಎರಡು ಬ್ಯಾಟ್ ತಂದು ಆ ಹಿರಿಯರ ಕೈಗೇ ಕೊಟ್ಟರು. “ಅಮ್ಮ, ಮೊದಲು ಈ ಬ್ಯಾಟಿನ ಮೇಲೆ ಚೆಂಡು ಇಟ್ಟು ಅಂಗೈಯಲ್ಲಿ ಒತ್ತಿ ಮುಂದಕ್ಕೆ ಎಳೀರಿ” ಎಂದರು. ಸಾಧಾರಣ ರಬ್ಬರು ಚೆಂಡನ್ನು ಹಿಡಿದುಕೊಂಡಿತು. ಎಳೆಯುವುದಕ್ಕೆ ಬಲ ಹಾಕಬೇಕಾಯಿತು. “ಈಗ ಇನ್ನೊಂದರ ಮೇಲೆ ಮಾಡಿ.” ಎರಡನೆಯದು ಆಂಟಿ-ಸ್ಪಿನ್ ರಬ್ಬರು, ಅದರ ಮೇಲೆ ಚೆಂಡು ಸರ್ರನೆ ಜಾರಿಹೋಯಿತು. ಅಯ್ಹಿಕಾ ಅವರ ಬ್ಯಾಟಿನ ಒಂದು ಮೈಗೆ ಇಂಥ ರಬ್ಬರೇ ಇದೆ ಎಂದು ತಿಳಿಸಿ, ಪಕ್ಕದ ಟೇಬಲ್ಲಿನಲ್ಲಿ ತಮ್ಮ ಹಿರಿಯ ಶಿಷ್ಯೆಯೊಬ್ಬಳನ್ನು ನಿಲ್ಲಿಸಿ ಟಾಪ್‌ಸ್ಪಿನ್ ಹೊಡೆಯಲು ಹೇಳಿ, ತಾವು ಜಾರುವ ರಬ್ಬರನ್ನು ಸುಮ್ಮನೆ ಒಡ್ಡಿದರು. ಮುಂದಕ್ಕೆ ಉರುಳುವಂತೆ ಸುತ್ತುತ್ತ ಬಂದ ಚೆಂಡಿನ ಸುತ್ತನ್ನು ಆ ರಬ್ಬರು ತಡೆಯುವುದಿಲ್ಲ. ಚೆಂಡು ಅದೇ ಸುತ್ತಿನೊಡನೆ ದಿಕ್ಕು ಬದಲಿಸುವುದರಿಂದ, ಹೊಡೆದವರ ಬಳಿಗೆ ಅದು ಬ್ಯಾಕ್‌ಸ್ಪಿನ್ ಆಗಿ, ಅಂದರೆ ಹಿಮ್ಮುಖ ಸುತ್ತಾಗಿ, ವಾಪಸು ಬರುತ್ತದೆ. ಎಷ್ಟು ಬಲವಾಗಿ ಸುತ್ತು ಕೊಟ್ಟಿರುತ್ತೀರೋ ಅಷ್ಟೇ ಬಲವಾಗಿ ಅದು ನಿಮ್ಮ ಬ್ಯಾಟಿನಿಂದ ಕೆಳಕ್ಕೆ ಇಳಿಯುತ್ತದೆ. ಹುಡುಗಿಯ ಮುಂದಿನ ಹೊಡೆತ ನೇರವಾಗಿ ನೆಟ್ಟಿಗೆ ಬಿತ್ತು. ಕೋಚ್ ಬ್ಯಾಟನ್ನು ಬೆರಳಲ್ಲೇ ತಿರುಗಿಸಿ ಮತ್ತೊಂದು ಮೈಯಲ್ಲಿ ಅದೇ ರೀತಿ ಒಡ್ಡಿದರು. ಈ ಸಲ ಹುಡುಗಿ ಜಾಸ್ತಿ ಎತ್ತಿ ಹೊಡೆದು ಚೆಂಡು ಟೇಬಲ್ ದಾಟಿ ಹೋಯಿತು.

ಮತ್ತೆ ವಿಡಿಯೊ ಓಡತೊಡಗಿದಾಗ ಕೊಠಡಿಯ ನೋಟವೇ ಬೇರೆಯಾಗಿತ್ತು. ಆ ಹಿರಿಯರು ಚೆಂಡನ್ನು ಬಿಟ್ಟು ಬ್ಯಾಟನ್ನು ನೋಡುತ್ತಿದ್ದರು. “ತಿರುಗಿಸಿದಳು ನೋಡು” ಎಂದು ಮೊಮ್ಮಗನಿಗೆ ತೋರಿಸುತ್ತಿದ್ದರು. ಅಯ್ಹಿಕಾ ಮೊದಲ ಗೇಮನ್ನು 12-10ರಲ್ಲಿ ಗೆದ್ದು, ಎರಡನೆಯದನ್ನು 2-11ರಲ್ಲಿ ಕಳೆದುಕೊಂಡು, ಮುಂದಿನ ಎರಡನ್ನು 13-11, 11-6ರಲ್ಲಿ ಗೆದ್ದ ಆ ಪಂದ್ಯದ ಎರಡನೆಯ ಗೇಮು ಅಷ್ಟು ಏಕಪಕ್ಷೀಯವಾದದ್ದೇಕೆ, ಮೂರನೆಯದರಲ್ಲಿ ಬದಲಾದದ್ದೇನು ಎಂದು ದೊಡ್ಡವರು ತಮ್ಮತಮ್ಮಲ್ಲೇ ವಾದಿಸತೊಡಗಿದರು. ಅದೇ ತಂಡ ಪಂದ್ಯದಲ್ಲಿ ಶ್ರೀಜಾ ಆಕುಲಾ ಅವರು ವಾಂಗ್ ಯಿದಿ ಅವರನ್ನು ನೇರ ಗೇಮುಗಳಲ್ಲಿ ಸೋಲಿಸಿದಾಗ ಭಾರತ 2-1ರಿಂದ ಮುಂದಿತ್ತು. ಕೊನೆಗೆ 2-3ರಿಂದ ಸೋತಿತು. ಫಲಿತಾಂಶ ಎಲ್ಲರಿಗೂ ಮೊದಲೇ ಗೊತ್ತಿತ್ತು, ಆದರೂ ಯಾರೂ ಎದ್ದು ಹೋಗಲಿಲ್ಲ.

ಮೈಸೂರಿನವರಿಗೆ ಇದನ್ನು ಅರ್ಥ ಮಾಡಿಸಲು ದಸರಾ ಕುಸ್ತಿಯ ಉದಾಹರಣೆ ಸಾಕು. ದೊಡ್ಡಕೆರೆ ಮೈದಾನದ ಅಖಾಡದ ಸುತ್ತ ಕೂರುವ ಜನರಲ್ಲಿ ಎಷ್ಟೋ ಮಂದಿ ಗರಡಿಮನೆಗಳ ಬೀದಿಗಳಲ್ಲಿ ಬೆಳೆದವರು. ಇಬ್ಬರು ಪೈಲ್ವಾನರು ನಿಮಿಷಗಟ್ಟಲೆ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದರೂ, ಯಾರ ಕೈ ಎಲ್ಲಿದೆ, ಯಾವ ಪಟ್ಟು ಬರಲಿದೆ ಎಂದು ಅವರಿಗೆ ಗೊತ್ತಿರುತ್ತದೆ. ಅದಕ್ಕೇ ಅಲ್ಲಿ ಏನೂ ನಡೆಯದಂತೆ ಕಾಣುವ ಹೊತ್ತಿನಲ್ಲೂ ಕೂಗು ಏಳುತ್ತದೆ. ಪಟ್ಟು ತಿಳಿದ ಪ್ರೇಕ್ಷಕರು ಟೇಬಲ್ ಟೆನಿಸ್‌ಗೆ ನಮ್ಮಲ್ಲಿ ಕಡಿಮೆ. ಅವರನ್ನು ಹುಟ್ಟಿಸುವ ಕೆಲಸವನ್ನು ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ ಎಂಬುದು ನನ್ನ ಆಕ್ಷೇಪ.

ಏಕೆಂದರೆ ಅಂತರರಾಷ್ಟ್ರೀಯ ಒಕ್ಕೂಟ ಪ್ರೇಕ್ಷಕರನ್ನು ಮರೆತಿತ್ತು ಎನ್ನುವಂತಿಲ್ಲ. ಪ್ರೇಕ್ಷಕರಿಗಾಗಿ ಈ ಆಟದ ನಿಯಮಗಳನ್ನೇ ಪದೇ ಪದೇ ಬದಲಿಸಲಾಗಿದೆ. 1936ರ ಪ್ರಾಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಲೆಕ್ಸ್ ಎರ್ಲಿಖ್ ಮತ್ತು ಫರ್ಕಾಸ್ ಪನೆತ್ ನಡುವೆ ಮೊದಲ ಪಾಯಿಂಟ್ ಒಂದೇ ಎರಡು ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಅಂಥ ಆಟವನ್ನು ಯಾರು ಕೂತು ನೋಡಿಯಾರು ಎಂಬ ಚಿಂತೆಯಿಂದ ಮುಂದೆ ಸಮಯದ ಮಿತಿ ಬಂತು. 1952ರಲ್ಲಿ ಮುಂಬೈಯಲ್ಲಿ, ಏಷ್ಯಾದಲ್ಲೇ ಮೊದಲ ಬಾರಿಗೆ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ, ಜಪಾನಿನ ಹಿರೋಜಿ ಸಾತೊ ದಪ್ಪ ಸ್ಪಂಜು ಅಂಟಿಸಿದ ಬ್ಯಾಟಿನಿಂದ ಪುರುಷರ ಸಿಂಗಲ್ಸ್ ಗೆದ್ದರು. ಅಲ್ಲಿಯವರೆಗೆ ಚೆಂಡು ಬ್ಯಾಟಿಗೆ ತಾಗಿದ ಟಕ್-ಟಕ್ ಸದ್ದೇ ಎದುರಾಳಿಗೂ ನೋಡುವವರಿಗೂ ಹೊಡೆತದ ಬಲವನ್ನು ತಿಳಿಸುತ್ತಿತ್ತು. ಸ್ಪಂಜು ಆ ಸದ್ದನ್ನು ನುಂಗಿಹಾಕಿತು. ಆಟ ಪ್ರೇಕ್ಷಕರಿಂದ ದೂರವಾಗತೊಡಗಿದ್ದು ಆ ಹೊತ್ತಿನಿಂದಲೇ ಎಂದು ನನಗನ್ನಿಸುತ್ತದೆ, ಮತ್ತು ಅದು ನಮ್ಮ ನೆಲದಲ್ಲೇ ಆಯಿತು. ರಬ್ಬರು-ಸ್ಪಂಜು ಸೇರಿದ ಬ್ಯಾಟುಗಳು ಬಂದ ಮೇಲೆ ಸ್ಪಿನ್ ಹೆಚ್ಚಿತು, ವೇಗ ಹೆಚ್ಚಿತು, ಏನಾಗುತ್ತಿದೆ ಎಂಬುದು ಆಡುವವರಿಗೆ ಮಾತ್ರ ತಿಳಿಯುವ ಸಂಗತಿಯಾಯಿತು.

ಮುಂದಿನ ತಿದ್ದುಪಡಿಗಳೆಲ್ಲ ಈ ಅಂತರವನ್ನು ಮುಚ್ಚುವ ಪ್ರಯತ್ನಗಳು. ಸಿಡ್ನಿ ಒಲಿಂಪಿಕ್ಸ್ ಮುಗಿದ ಬೆನ್ನಲ್ಲೇ, 2000ನೇ ಇಸವಿಯಲ್ಲಿ, ಚೆಂಡಿನ ವ್ಯಾಸವನ್ನು 38 ಮಿಲಿಮೀಟರಿನಿಂದ 40ಕ್ಕೆ ಏರಿಸಿದರು. ದೊಡ್ಡ ಚೆಂಡು ಸ್ವಲ್ಪ ನಿಧಾನವಾಗಿ ಚಲಿಸುತ್ತದೆ, ದೂರದವರಿಗೂ ಟೀವಿಯವರಿಗೂ ಕಾಣುತ್ತದೆ ಎಂಬುದು ಲೆಕ್ಕ. ಮರುವರ್ಷ ಗೇಮನ್ನು 21 ಪಾಯಿಂಟಿನಿಂದ 11ಕ್ಕೆ ಇಳಿಸಿದರು. 2002ರಿಂದ ಸರ್ವ್ ಮಾಡುವಾಗ ತೋಳಿನಿಂದಲೋ ಮೈಯಿಂದಲೋ ಚೆಂಡನ್ನು ಮರೆಮಾಡುವುದನ್ನು ನಿಷೇಧಿಸಿದರು. ಇವುಗಳಲ್ಲಿ 11 ಪಾಯಿಂಟಿನ ಗೇಮು ನೋಡುವವರಿಗೆ ನಿಜವಾಗಿ ಉಪಕಾರ ಮಾಡಿದೆ: ಬೇಗ ಬೇಗ ಗೇಮಿನ ಕೊನೆ ಬರುತ್ತದೆ, ಹಿಂದುಳಿದವರು ಎರಡು ಒಳ್ಳೆಯ ಸರ್ವ್‌ಗಳಲ್ಲಿ ಸರಿಸಮಕ್ಕೆ ಬರಬಲ್ಲರು, 9-9 ಆದಾಗ ಗೊತ್ತಿಲ್ಲದವರೂ ಮುಂದಕ್ಕೆ ಬಾಗುತ್ತಾರೆ. ಚೆಂಡಿನ ಎರಡು ಮಿಲಿಮೀಟರ್ ವ್ಯತ್ಯಾಸ ಮಾತ್ರ ಗ್ಯಾಲರಿಯ ಮೇಲಿನ ಸಾಲಿನವರಿಗೆ ಏನೂ ಕೊಟ್ಟಿಲ್ಲ ಎಂದೇ ನನ್ನ ಅನುಭವ. ನಿಯಮ ಬದಲಿಸಿದ್ದಾಯಿತು, ವಿವರಿಸುವವರನ್ನು ಒದಗಿಸಲಿಲ್ಲ.

ಜನ ಬರುವುದೇ ಇಲ್ಲ ಎಂಬುದು ಚರಿತ್ರೆಗೂ ಹೊಂದುವ ಮಾತಲ್ಲ. 1961ರ ವಿಶ್ವ ಚಾಂಪಿಯನ್‌ಶಿಪ್‌ಗಾಗಿ ಬೀಜಿಂಗ್‌ನಲ್ಲಿ ಕಾರ್ಮಿಕರ ಒಳಾಂಗಣ ಕ್ರೀಡಾಂಗಣ ಎಂಬ ದೊಡ್ಡ ಕಟ್ಟಡವನ್ನೇ ಕಟ್ಟಿದರು. 1975ರಲ್ಲಿ ಕೋಲ್ಕತ್ತಾಕ್ಕೆ ಚಾಂಪಿಯನ್‌ಶಿಪ್ ಬಂದಾಗ ನೇತಾಜಿ ಒಳಾಂಗಣ ಕ್ರೀಡಾಂಗಣ ಎದ್ದು ನಿಂತಿತು. 1987ರಲ್ಲಿ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಚೀನಾದ ಜಿಯಾಂಗ್ ಜಿಯಾಲಿಯಾಂಗ್ ಮತ್ತು ಸ್ವೀಡನ್‌ನ ವಾಲ್ಡ್ನರ್ ಫೈನಲ್ ಆಡಿದರು. ಈ ಆಟಕ್ಕಾಗಿ ಕ್ರೀಡಾಂಗಣ ಕಟ್ಟಿದ ದೇಶದಲ್ಲಿ ಇಂದು ಕುರ್ಚಿ ತುಂಬಿಸುವುದು ಹೇಗೆಂದು ಯೋಚಿಸಬೇಕಾಗಿರುವುದು ಬೇಸರದ ಸಂಗತಿ.

ಕ್ರೀಡಾಂಗಣಕ್ಕೇ ಹೋಗಿ ನೋಡುವುದರ ಜೊತೆ ಈ ಕೊಠಡಿಯನ್ನು ಹೋಲಿಸದೆ ವಿಮರ್ಶೆ ಪೂರ್ಣವಾಗದು. ಮೈಸೂರಿನಿಂದ ಹೋಗಿಬರಲು ಅನುಕೂಲವಾದ ಸ್ಥಳ ಚೆನ್ನೈ. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಸೆಂಟ್ರಲ್ ನಿಲ್ದಾಣ. ಜವಾಹರಲಾಲ್ ನೆಹರೂ ಕ್ರೀಡಾಂಗಣ ಅಲ್ಲಿಂದ ನಡೆದೇ ಹೋಗುವಷ್ಟು ಹತ್ತಿರ. 2025ರ ಮಾರ್ಚ್ ಕೊನೆಯಲ್ಲಿ ಅಲ್ಲಿಯ ಒಳಾಂಗಣದಲ್ಲಿ ಡಬ್ಲ್ಯುಟಿಟಿ ಎಂಬ ಅಂತರರಾಷ್ಟ್ರೀಯ ಸರಣಿಯ ಸ್ಟಾರ್ ಕಂಟೆಂಡರ್ ದರ್ಜೆಯ ಪಂದ್ಯಾವಳಿ ನಡೆಯಿತು. ಅದು ಶರತ್ ಕಮಲ್ ಅವರ ಕೊನೆಯ ಪಂದ್ಯಾವಳಿ. ಹತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು, ಐದು ಒಲಿಂಪಿಕ್ಸ್ ಆಡಿದವರು, 2006ರಲ್ಲಿ ಮೆಲ್ಬರ್ನ್‌ನಲ್ಲಿ ಗೆದ್ದ ಕಾಮನ್‌ವೆಲ್ತ್ ಸಿಂಗಲ್ಸ್ ಚಿನ್ನವನ್ನು 2022ರಲ್ಲಿ ನಲವತ್ತರ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮತ್ತೆ ಗೆದ್ದವರು, ತಮ್ಮದೇ ಊರಿನಲ್ಲಿ ನಮ್ಮವರೇ ಆದ ಸ್ನೇಹಿತ್ ಸುರವಜ್ಜುಲ ಅವರಿಗೆ ಸೋತು ಆಟ ಮುಗಿಸಿದರು. ಅದೇ ಪಂದ್ಯಾವಳಿಯಲ್ಲಿ ಮಾನವ್ ಠಕ್ಕರ್ ಸೆಮಿಫೈನಲ್‌ವರೆಗೆ ಹೋದರು. ಇಂಥ ಪಂದ್ಯಕ್ಕೆ ವಿವರಣೆಯ ಅಗತ್ಯವಿಲ್ಲ. ಆಡುತ್ತಿರುವವರು ಯಾರು, ಇದು ಯಾಕೆ ಮುಖ್ಯ ಎಂಬುದು ಪ್ರೇಕ್ಷಕರಿಗೆ ತಿಳಿದೇ ಇರುತ್ತದೆ. ಹೆಸರಿನ ಹಿಂದೆ ಕಥೆ ಇದ್ದಲ್ಲಿ ಜನ ಟಿಕೆಟ್ ಕೊಳ್ಳುತ್ತಾರೆ.

ಆದರೆ ಎಲ್ಲ ಪಂದ್ಯಾವಳಿಗೂ, ಎಲ್ಲ ದಿನಕ್ಕೂ ಶರತ್ ಸಿಗುವುದಿಲ್ಲ. ಹಲವು ವರ್ಷಗಳ ಹಿಂದೆ ಬೇರೊಂದು ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಪಂದ್ಯಾವಳಿಯೊಂದಕ್ಕೆ ಹೋಗಿದ್ದಾಗ ನಾಲ್ಕು ಟೇಬಲ್‌ಗಳಲ್ಲಿ ಏಕಕಾಲಕ್ಕೆ ಪಂದ್ಯ ನಡೆಯುತ್ತಿತ್ತು. ನಮ್ಮ ಕುರ್ಚಿಯಿಂದ ಹತ್ತಿರದ ಟೇಬಲ್ಲಿನಲ್ಲಿ ಆಡುತ್ತಿದ್ದವರ ಹೆಸರನ್ನು ಯಾರೂ ಕೂಗಿ ಹೇಳಲಿಲ್ಲ. ಅಂಪೈರರ ಮುಂದಿದ್ದ ಚಿಕ್ಕ ಅಂಕಫಲಕ ಅವರ ಬೆನ್ನ ಹಿಂದೆ ಕೂತವರಿಗೆ ಕಾಣುವಂತಿರಲಿಲ್ಲ. ಒಳ್ಳೆಯ ಪಂದ್ಯ ನಡೆಯುತ್ತಿದ್ದುದು ಅಂಗಣದ ಆ ತುದಿಯಲ್ಲಿ. ಅತ್ತ ಹೋಗಿ ಕೂರಲು ಬಿಡಲಿಲ್ಲ, ಏಕೆಂದರೆ ಆ ಕಡೆಯ ಕುರ್ಚಿಗಳು ಆಹ್ವಾನಿತರಿಗೆ ಮೀಸಲಾಗಿದ್ದವು, ಆಹ್ವಾನಿತರು ಬಂದಿರಲಿಲ್ಲ. ನನ್ನ ಜೊತೆ ಬಂದಿದ್ದ ಸೋದರಳಿಯ, ಶಾಲಾ ತಂಡಕ್ಕೆ ಆಡುವ ಹುಡುಗ, ಮಧ್ಯಾಹ್ನಕ್ಕೇ “ಮಾಮ, ಮನೇಲಿ ಮೊಬೈಲಲ್ಲಿ ಇದಕ್ಕಿಂತ ಚೆನ್ನಾಗಿ ಕಾಣುತ್ತೆ” ಎಂದ. ಹಣ ಕೊಟ್ಟು, ರೈಲು ಹತ್ತಿ, ಕೊಠಡಿ ಹಿಡಿದು ಬಂದವರಿಗೆ ಯಾರು ಆಡುತ್ತಿದ್ದಾರೆ ಎಂಬುದನ್ನೂ ತಿಳಿಸದಿದ್ದರೆ, ಮರುದಿನ ಕುರ್ಚಿ ಖಾಲಿ ಬಿದ್ದದ್ದಕ್ಕೆ ಆಟವನ್ನು ದೂರುವುದು ಅನ್ಯಾಯ.

ಈಗಿನ ವ್ಯವಸ್ಥೆಯಲ್ಲಿ ಇದಕ್ಕೆ ಭಾಗಶಃ ಪರಿಹಾರ ಸಿಕ್ಕಿದೆ. ಚಾಂಪಿಯನ್ಸ್ ದರ್ಜೆಯ ಪಂದ್ಯಾವಳಿಗಳಲ್ಲಿ 32 ಪುರುಷರು, 32 ಮಹಿಳೆಯರು ಮಾತ್ರ ಇರುತ್ತಾರೆ, ಡಬಲ್ಸ್ ಇರುವುದಿಲ್ಲ; ಕಣ್ಣು ಹಂಚಿಹೋಗುವ ತೊಂದರೆ ಕಡಿಮೆ. ಫೈನಲ್ ದಿನಗಳಲ್ಲಿ ನಡುವೆ ಒಂದೇ ಟೇಬಲ್, ಸುತ್ತ ಕತ್ತಲು, ಟೇಬಲ್ ಮೇಲೆ ಬೆಳಕು. ಇದು ನೋಡಲು ಅಂದವಾಗಿದೆ. ನಮ್ಮ ಅಲ್ಟಿಮೇಟ್ ಟೇಬಲ್ ಟೆನಿಸ್ ಲೀಗ್ 2017ರಿಂದ ಇನ್ನೊಂದು ದಾರಿ ಹಿಡಿದಿದೆ: ಪಂದ್ಯಕ್ಕೆ ಮೂರೇ ಗೇಮು, ಮೂರನ್ನೂ ಆಡಲೇಬೇಕು, 10-10 ಆದರೆ ಒಂದೇ ಪಾಯಿಂಟಿಗೆ ಗೇಮು ತೀರ್ಮಾನ. ಅದು ಕುಟುಂಬ ಸಮೇತ ಹೋಗಿ ನೋಡಲು ಹಿತವಾದ ರೂಪ. ಆದರೆ 10-10ರ ನಂತರ 11-10, 11-11, 12-11 ಎಂದು ಇಬ್ಬರೂ ಜಗ್ಗಾಡುವ ಹೊತ್ತು ಈ ಆಟದ ಸೊಗಸಿನ ತಿರುಳು, ಅದನ್ನು ಕತ್ತರಿಸಿ ಪ್ರೇಕ್ಷಕರನ್ನು ಗಳಿಸುವುದು ನನಗೆ ಒಪ್ಪಿಗೆಯಿಲ್ಲ.

ಚೀನಾದವರೇ ಗೆಲ್ಲುವುದರಿಂದ ಆಸಕ್ತಿ ಇಲ್ಲ ಎನ್ನುವವರು ನಮ್ಮ ಕೊಠಡಿಯಲ್ಲೂ ಇದ್ದಾರೆ. 1988ರಲ್ಲಿ ಒಲಿಂಪಿಕ್ಸ್‌ಗೆ ಸೇರಿದಂದಿನಿಂದ 2024ರವರೆಗೆ ಕೊಟ್ಟ 42 ಚಿನ್ನಗಳಲ್ಲಿ 37 ಚೀನಾಕ್ಕೇ ಹೋಗಿವೆ. 2008ರಲ್ಲಿ ಬೀಜಿಂಗ್‌ನಲ್ಲಿ ಪುರುಷರ, ಮಹಿಳೆಯರ ಸಿಂಗಲ್ಸ್ ಪದಕಗಳೆಲ್ಲ ಅವರಿಗೇ ಹೋದ ಮೇಲೆ, ಮುಂದಿನ ಒಲಿಂಪಿಕ್ಸ್‌ನಿಂದ ಸಿಂಗಲ್ಸ್‌ಗೆ ಒಂದು ದೇಶದಿಂದ ಇಬ್ಬರೇ ಎಂಬ ಮಿತಿ ಬಂತು. ಆದರೂ ಆಸಕ್ತಿ ಕಡಿಮೆಯಾಗಲು ಇದೇ ಕಾರಣ ಎನ್ನಲು ಆಗದು. ಉಳಿದ ಐದು ಚಿನ್ನಗಳಲ್ಲಿ ಒಂದು ಟೋಕಿಯೊದ ಮಿಶ್ರ ಡಬಲ್ಸ್‌ನದು: ಮಿಜುತಾನಿ ಜುನ್ ಮತ್ತು ಇತೊ ಮಿಮಾ ತವರಿನಲ್ಲಿ ಷು ಷಿನ್, ಲಿಯು ಶಿವೆನ್ ಜೋಡಿಯನ್ನು ಏಳು ಗೇಮುಗಳ ಹೋರಾಟದಲ್ಲಿ ಸೋಲಿಸಿದರು. ಜಪಾನಿಗರು ಜೀವಮಾನವಿಡೀ ಕಾದಿದ್ದ ಪಂದ್ಯ ಅದು. 2021ರ ಆ ಬೇಸಿಗೆಯಲ್ಲಿ ಕೋವಿಡ್ ಕಾರಣದಿಂದ ಗ್ಯಾಲರಿಯಲ್ಲಿ ಒಬ್ಬ ಪ್ರೇಕ್ಷಕರೂ ಇರಲಿಲ್ಲ. ಖಾಲಿ ಕುರ್ಚಿಗಳ ಮುಂದೆ ಗೆಲುವಿನ ಕೂಗು ಹೇಗೆ ಕೇಳುತ್ತದೆ ಎಂಬುದನ್ನು ಆ ವಿಡಿಯೊ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. 2025ರ ಏಪ್ರಿಲ್‌ನಲ್ಲಿ ಮಕಾವ್‌ನಲ್ಲಿ ಬ್ರೆಜಿಲ್‌ನ ಹ್ಯೂಗೊ ಕಾಲ್ಡೆರಾನೊ ವಿಶ್ವಕಪ್ ಗೆದ್ದಾಗ, ಚೀನಾದವರನ್ನು ಅವರದೇ ಜನರ ಎದುರು ಸೋಲಿಸಬಹುದು ಎಂಬುದೂ ಖಚಿತವಾಯಿತು.

ಪ್ರೇಕ್ಷಕರು ತುಂಬಿದರೆ ಸಾಕೆ ಎಂಬ ಪ್ರಶ್ನೆಯೂ ಉಂಟು. ಪ್ಯಾರಿಸ್‌ನಲ್ಲಿ 2024ರ ಒಲಿಂಪಿಕ್ಸ್‌ನ ಮಹಿಳಾ ಸಿಂಗಲ್ಸ್ ಫೈನಲ್ ಆಡಿದವರಿಬ್ಬರೂ ಚೀನಾದವರು, ಸುನ್ ಯಿಂಗ್ಷಾ ಮತ್ತು ಚೆನ್ ಮೆಂಗ್. ಗ್ಯಾಲರಿಯ ಬಹುಪಾಲು ಅಭಿಮಾನಿಗಳು ಸುನ್ ಅವರ ಪರವಾಗಿದ್ದರು. ಚೆನ್ ಮೆಂಗ್ ಪಾಯಿಂಟ್ ಗೆದ್ದಾಗ ಮೂದಲಿಕೆಯೂ ಕೇಳಿಬಂತು. ಚೆನ್ ಮೆಂಗ್ ಗೆದ್ದರು, ಆ ಮೇಲೆ ಜಾಲತಾಣಗಳಲ್ಲಿ ಅವರ ಮೇಲೆ ನಡೆದ ನಿಂದನೆ ಎಷ್ಟಕ್ಕೆ ಹೋಯಿತೆಂದರೆ ಬೀಜಿಂಗ್ ಪೊಲೀಸರು ಒಬ್ಬರನ್ನು ವಶಕ್ಕೆ ಪಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಚೆನ್ ಮೆಂಗ್ ಮತ್ತು ಪುರುಷರ ಚಾಂಪಿಯನ್ ಫಾನ್ ಝೆನ್‌ಡಾಂಗ್ ಇಬ್ಬರೂ ವಿಶ್ವ ರ‍್ಯಾಂಕಿಂಗ್‌ನಿಂದಲೇ ಹೊರಬಂದರು. ಪಂದ್ಯಾವಳಿಗೆ ಗೈರಾದರೆ ದಂಡ ವಿಧಿಸುವ ನಿಯಮವನ್ನು ಫಾನ್ ಕಾರಣವಾಗಿ ಹೇಳಿದರು. ತಾರೆಯರಿಗೆ ದಂಡ ಹಾಕಿದರೆ ಪ್ರೇಕ್ಷಕರಿಗೆ ತಾರೆಯರು ಸಿಗುತ್ತಾರೆ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಯಿತು. ಸರಸ್ವತಿಪುರಂನ ಕೊಠಡಿಯಲ್ಲಿ ಈ ವಿಷಯದಲ್ಲಿ ಒಂದು ಕಟ್ಟುನಿಟ್ಟಿದೆ: ಎದುರಾಳಿ ತಪ್ಪಿದಾಗ ಚಪ್ಪಾಳೆ ಹೊಡೆಯಬಾರದು, ಒಳ್ಳೆಯ ಹೊಡೆತಕ್ಕೆ ಹೊಡೆಯಬೇಕು, ಅದು ಯಾರದ್ದೇ ಆಗಿರಲಿ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿತಿದ್ದಾರೆ.

ಇನ್ನು ಕುಂದುಗಳು, ಅವು ಕಡಿಮೆಯೇನಿಲ್ಲ. ಇಂಟರ್‌ನೆಟ್ ಸಂಪರ್ಕ ಸಾಲದು. ನಿರ್ಣಾಯಕ ಗೇಮಿನಲ್ಲಿ ಚಿತ್ರ ಸಿಕ್ಕಿಹಾಕಿಕೊಂಡು, ಮತ್ತೆ ಬರುವಷ್ಟರಲ್ಲಿ ಮೂರು ಪಾಯಿಂಟ್ ಮುಗಿದಿದ್ದ ಸಂದರ್ಭಗಳಿವೆ. ಪ್ರೊಜೆಕ್ಟರಿನ ಬೆಳಕು ಹಗಲಿನಲ್ಲಿ ಮಂಕಾಗುತ್ತದೆ, ಕಿಟಕಿಗಳಿಗೆ ದಪ್ಪ ಪರದೆ ಬೇಕು. ಇದು ಸಣ್ಣ ವಿಷಯವಲ್ಲ, ಏಕೆಂದರೆ ಚೀನಾ, ಸಿಂಗಪುರಗಳ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿಯ ರಾತ್ರಿ ಏಳರ ಫೈನಲ್ ನಮಗೆ ಸಂಜೆ ನಾಲ್ಕೂವರೆಯ ಬಿಸಿಲಿನ ಹೊತ್ತು. ಯುರೋಪಿನ ಪಂದ್ಯಗಳದ್ದು ಇದರ ವಿರುದ್ಧದ ತೊಂದರೆ: ಚಳಿಗಾಲದಲ್ಲಿ ಅಲ್ಲಿಯ ಸಂಜೆ ಏಳು ಗಂಟೆ ನಮಗೆ ರಾತ್ರಿ ಹನ್ನೊಂದೂವರೆ. ಹಾಗಾಗಿ ಯುರೋಪಿನ ಪಂದ್ಯಗಳನ್ನು ಮರುದಿನ ತೋರಿಸುತ್ತಾರೆ, ಅಷ್ಟರಲ್ಲಿ ಫಲಿತಾಂಶ ಎಲ್ಲರ ಮೊಬೈಲಿಗೂ ಬಂದಿರುತ್ತದೆ.

ಮೆಟ್ಟಿಲುಗಳು ಕಡಿದಾಗಿವೆ, ಲಿಫ್ಟ್ ಇಲ್ಲ. ಮಂಡಿನೋವಿರುವ ಹಿರಿಯರಿಗೆ ಕಷ್ಟ. ಯಾವ ದಿನ ಯಾವ ಪಂದ್ಯ ಎಂಬ ಸೂಚನೆ ತರಬೇತಿಯ ಮಕ್ಕಳ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಬರುತ್ತದೆ, ಹೊರಗಿನವರು ಕೆಳಗಿನ ಅಂಗಡಿಯವರನ್ನು ಕೇಳಿ ತಿಳಿಯಬೇಕು. ಬಾಗಿಲ ಬಳಿ ಒಂದು ಫಲಕ ಹಾಕಿದರೆ ಸಾಕು, ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುವವರಲ್ಲೇ ಹತ್ತಾರು ಮಂದಿ ಒಳಗೆ ಬಂದಾರು.

ಎಲ್ಲಕ್ಕಿಂತ ದೊಡ್ಡ ಕುಂದೆಂದರೆ, ಸಮಯ ಸಾಲದಾಗ ಅವರು ಮೊಟಕುಗೊಳಿಸುವುದು ಮಹಿಳೆಯರ ಪಂದ್ಯವನ್ನು. ಇದಕ್ಕೆ ಸಮರ್ಥನೆಯೇ ಇಲ್ಲ. ಈಚಿನ ವರ್ಷಗಳಲ್ಲಿ ಭಾರತದ ಟೇಬಲ್ ಟೆನಿಸ್‌ಗೆ ಹೊಸ ಪ್ರೇಕ್ಷಕರನ್ನು ತಂದವರಲ್ಲಿ ಮಹಿಳೆಯರದ್ದೇ ಮುಖ್ಯ ಪಾಲು: 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಮಣಿಕಾ ಬಾತ್ರಾ, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚೀನಾದ ಚೆನ್ ಮೆಂಗ್, ವಾಂಗ್ ಯಿದಿ ಜೋಡಿಯನ್ನು ಸೋಲಿಸಿ ಡಬಲ್ಸ್ ಕಂಚು ತಂದ ಸುತೀರ್ಥಾ ಮತ್ತು ಅಯ್ಹಿಕಾ, 2024ರಲ್ಲಿ ಲಾಗೋಸ್‌ನಲ್ಲಿ ಕಂಟೆಂಡರ್ ಪ್ರಶಸ್ತಿ ಗೆದ್ದ ಶ್ರೀಜಾ. ಪ್ಯಾರಿಸ್‌ನಲ್ಲಿ ಮಹಿಳಾ ತಂಡ ರೊಮೇನಿಯಾವನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿ ಜರ್ಮನಿಗೆ 1-3ರಲ್ಲಿ ಸೋತಾಗ, ಆ ಒಂದು ಗೆಲುವನ್ನು ತಂದವರು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್. ಆ ಬಳಿಕ ಅವರು ಆಟ ಬಿಟ್ಟು ಓದಿಗಾಗಿ ಅಮೆರಿಕಕ್ಕೆ ಹೋದರು. ಅವರ ಆ ಪಂದ್ಯವನ್ನು ಪೂರ್ತಿಯಾಗಿ ತೋರಿಸಿ ಎಂದು ಜಮಖಾನದ ಮೇಲೆ ಕೂತ ಹುಡುಗಿಯರು ಕೇಳುತ್ತಲೇ ಇದ್ದಾರೆ. ಅಲ್ಲಿಯ ಸಹಾಯಕ ಕೋಚ್ ಮೇಡಂ ಅವರೂ ಅದೇ ಪಟ್ಟು ಹಿಡಿದಿದ್ದಾರೆ, ಅವರ ಮಾತು ನಡೆಯಲಿ.

ಮನೆಯಲ್ಲೇ ಮೊಬೈಲಿನಲ್ಲಿ ನೋಡಬಹುದಲ್ಲ ಎನ್ನುವವರಿಗೆ ನನ್ನ ಉತ್ತರ ಹೀಗಿದೆ. ಆಟ ಬಲ್ಲವರು ಮನೆಯಲ್ಲೇ ನೋಡಬಹುದು, ಚಿತ್ರ ಅಲ್ಲೇ ಹೆಚ್ಚು ಸ್ಪಷ್ಟ. ಆಟ ಕಲಿಯುತ್ತಿರುವ ಮಕ್ಕಳಿದ್ದರೆ, ಅಥವಾ ಟೇಬಲ್ ಟೆನಿಸ್ ಎಂದರೆ ಟಕಟಕ ಎಂದು ಚೆಂಡು ಅತ್ತಿತ್ತ ಹೋಗುವುದಷ್ಟೇ ಎಂದುಕೊಂಡಿರುವವರು ಮನೆಯಲ್ಲಿದ್ದರೆ, ಅವರನ್ನು ಈ ಕೊಠಡಿಗೆ ಕರೆತನ್ನಿ. ಐದಕ್ಕೆ ಶುರು ಎಂದರೆ ನಾಲ್ಕೂವರೆಗೇ ಬನ್ನಿ, ಏಕೆಂದರೆ ಕೋಚ್ ಅವರು ಅಂದಿನ ಇಬ್ಬರು ಆಟಗಾರರ ಸರ್ವ್ ಹೇಗಿರುತ್ತದೆ, ಯಾರ ಬ್ಯಾಟಿಗೆ ಯಾವ ರಬ್ಬರು ಎಂದು ಪಕ್ಕದ ಟೇಬಲ್ಲಿನಲ್ಲಿ ಆಡಿ ತೋರಿಸುವುದು ಆ ಅರ್ಧ ಗಂಟೆಯಲ್ಲೇ. ಕುರ್ಚಿ ಆರಿಸುವಾಗ ಎಡಗಡೆಯ ಸಾಲನ್ನು ಹಿಡಿಯಿರಿ: ಅಲ್ಲಿಂದ ಪರದೆಯೂ ಕಾಣುತ್ತದೆ, ಟೇಬಲ್ಲೂ ಕಾಣುತ್ತದೆ, ಬ್ಯಾಟುಗಳು ಕೈಯಿಂದ ಕೈಗೆ ಬರುವಾಗ ಮೊದಲು ಸಿಗುವುದೂ ಆ ಸಾಲಿನವರಿಗೇ.